ದವಡಿ ಕೂಡ್ತು, ಹಲ್ಲಿನ ಚೂರು ಯಾಕ ಕೂಡ್ಲಿಲ್ಲ?

ಹೋದ ವರ್ಷ ಭತ್ತದ ಸುಗ್ಗಿ ಟೈಮಿನ್ಯಾಗ ನಮ್ಮಕ್ಕನ ಮಗ ಗಂಗಾವತಿಯಿಂದ ಕಾರಟಗಿ ಕಡೆ ರಾತ್ರಿ ಬೈಕ್ ಮ್ಯಾಲೆ ಬರ್ತಿದ್ದ, ರೋಡಿನ ಮ್ಯಾಲೆ ಒಣಾಕ ಹಾಕಿದ್ದ ಭತ್ತದಾಗ ಗಾಲಿ ಜಾರಿ ಬಿದ್ದುಬಿಟ್ಟ. ಹೆಲ್ಮೆಟ್ ಇತ್ತು, ಆದ್ರ ಅರ್ಧ ತಲಿದು, ಗದ್ದಕ್ಕ ಏನೂ ಅಡ್ಡ ಇರ್ಲಿಲ್ಲ. ತಲಿ ಉಳೀತು, ಗದ್ದ ಡಾಂಬರಿಗೆ ಬಡೀತು. ಕೆಳದವಡಿ ಎಡಗಡೆ ಕೋರೆಹಲ್ಲಿನ ಹತ್ರ ಮುರಿದಿತ್ತು, ಮ್ಯಾಲಿನ ಮುಂದಿನ ಹಲ್ಲಿನ ಒಂದು ಮೂಲಿ ಹಾರಿ ಹೋಗಿತ್ತು. ಆಪರೇಶನ್ ಮಾಡಿ ಪ್ಲೇಟ್ ಕೂಡ್ಸಿದ್ರು, ಆರು ವಾರ ಗಂಜಿ, ಅಂಬಲಿ, ಮಿಕ್ಸರಿಗೆ ಹಾಕಿದ ಅನ್ನ-ಸಾರು, ಇಷ್ಟರ ಮ್ಯಾಲೇ ಇದ್ದ. ನಾಕು ತಿಂಗಳಾದ ಮ್ಯಾಲೆ ತೆಗೆಸಿದ ಎಕ್ಸ್‌ರೇನ ಮೊಬೈಲಿನ್ಯಾಗ ಫೋಟೋ ಹಿಡ್ಕೊಂಡು ಬಂದು ತೋರ್ಸಿದ, ಮೊದಲು ಕರ್ರಗ ಕೂದಲಂಗ ಕಾಣ್ತಿದ್ದ ಗೆರಿ ಈಗ ಎಲ್ಲಿತ್ತು ಅಂತ ಹುಡುಕಬೇಕು. ತೋರ್ಸಿ ಕೇಳಿದ: "ಮಾಮಾ, ಇಷ್ಟು ದಪ್ಪ ಎಲುಬು ತಾನ ಕೂಡಿಕೊಂತು, ಅಕ್ಕಿನುಚ್ಚಿನಷ್ಟು ಹಲ್ಲಿನ ಚೂರು ಯಾಕ ಬೆಳಿಲಿಲ್ಲ?"

ನಾನು ಪಿಯು ಕಾಲೇಜಿನ್ಯಾಗ ಬಯಾಲಜಿ ಹೇಳಾಂವ, ಇಷ್ಟು ವರ್ಷದಾಗ ಒಬ್ಬ ಸ್ಟೂಡೆಂಟೂ ಈ ಪ್ರಶ್ನಿ ಇಷ್ಟು ಸರಳ ಮಾಡಿ ಕೇಳಿಲ್ಲ. ಒಂದೇ ಬಾಯಿ, ಒಂದೇ ಪೆಟ್ಟು, ಎರಡೂ ಸುಣ್ಣದ ಅಂಶದಿಂದಾನ ಗಟ್ಟಿ ಆಗಿದ್ದು, ಆದ್ರ ಒಂದು ಕೂಡ್ತು ಇನ್ನೊಂದು ಕೂಡ್ಲಿಲ್ಲ. ಇದಕ್ಕ ಉತ್ತರ ಹೇಳಬೇಕಂದ್ರ ಆಕ್ಸಿಡೆಂಟಿನಿಂದ ಅಲ್ಲ, ಅವ ಅವರವ್ವನ ಹೊಟ್ಟ್ಯಾಗ ಇದ್ದಾಗಿಂದ ಶುರು ಮಾಡಬೇಕು.

ಗರ್ಭ ನಿಂತು ಮೂರು ವಾರ ದಾಟಿರ್ತೈತಿ, ಎಷ್ಟೋ ಹೆಣಮಕ್ಕಳಿಗೆ ಬಸುರಿ ಅನ್ನೋದು ಆಗಿನ್ನೂ ಗೊತ್ತಿರೂದಿಲ್ಲ. ಪಿಂಡದ ಬೆನ್ನಿನ ಕಡೆ ಒಂದು ತೆಳ್ಳನ ಪದರ ಎರಡೂ ಅಂಚು ಎತ್ತಿ ಮಡಚಿಕೊಂಡು ಕೊಳವಿ ಆಗ್ತೈತಿ, ಆ ಕೊಳವಿನ ಮುಂದ ಮಿದುಳು, ಬೆನ್ನುಹುರಿ ಆಗೂದು. ಅಂಚು ಅಂಚು ಕೂಡೋ ಜಾಗದಾಗಿರೋ ಒಂದಿಷ್ಟು ಜೀವಕೋಶ ಮಾತ್ರ ಅಲ್ಲೇ ಕುಂದ್ರಂಗಿಲ್ಲ, ಗುಂಪು ಬಿಟ್ಟು ಹೊರಬಿದ್ದು ಮುಖದ ಕಡೆ ನಡ್ಕೊಂತ ಹೊಂಡ್ತಾವ. ಇವಕ್ಕ ನ್ಯೂರಲ್ ಕ್ರೆಸ್ಟ್ ಕೋಶ ಅಂತಾರ. 1868ರಾಗ ವಿಲ್ಹೆಲ್ಮ್ ಹಿಸ್ ಅನ್ನೋ ವಿಜ್ಞಾನಿ ಕೋಳಿ ಭ್ರೂಣದಾಗ ಇವನ್ನ ಮೊದಲ ಗುರ್ತಿಸಿದ್ರು. ಆದ್ರ ಇವು ಎಲ್ಲಿಗೆ ಹೋಗ್ತಾವ, ಹೋಗಿ ಏನಾಗ್ತಾವ ಅಂತ ಸರಿಯಾಗಿ ತಿಳಿಯಾಕ ಮತ್ತ ನೂರು ವರ್ಷ ಬೇಕಾತು. ಫ್ರಾನ್ಸಿನ ನಿಕೋಲ್ ಲ ದುವಾರಿನ್ ಅನ್ನೋ ತಾಯಿ 1969ರಾಗ ಗಮನಿಸಿದ್ದೇನಂದ್ರ, ಕ್ವೇಲ್ ಹಕ್ಕಿ ಕೋಶದ ನ್ಯೂಕ್ಲಿಯಸ್ಸು ಮೈಕ್ರೋಸ್ಕೋಪಿನ್ಯಾಗ ಕೋಳಿ ಕೋಶದ್ದಕ್ಕಿಂತ ಬ್ಯಾರೆನ ಕಾಣ್ತೈತಿ. ಹಂಗಾದ್ರ ಕ್ವೇಲ್ ಭ್ರೂಣದ ಒಂದು ತುಣುಕು ತಗದು ಕೋಳಿ ಭ್ರೂಣದಾಗ ಕಸಿ ಕಟ್ಟಿದ್ರ ಅದರ ಮಕ್ಕಳು ಮೊಮ್ಮಕ್ಕಳು ಎಲ್ಲೆಲ್ಲಿ ಹೋದ್ವು ಅಂತ ಎಣಿಸಬಹುದು. ಆ ಕಸಿಯಿಂದ ಗೊತ್ತಾಗಿದ್ದು ದೊಡ್ಡ ವಿಷಯ: ಕೈಕಾಲು, ಬೆನ್ನಿನ ಎಲುಬು ಎಲ್ಲಾ ಪಿಂಡದ ನಡುವಿನ ಪದರದಿಂದ ಬಂದ್ರ, ಮುಖದ ಎಲುಬು, ದವಡಿ ಇವೆಲ್ಲಾ ಈ ನಡ್ಕೊಂತ ಬಂದ ಕೋಶದಿಂದ ಆಗಿದ್ದು. ಹಲ್ಲಿನ ಒಳಗಿನ ಡೆಂಟಿನ್ ಅನ್ನೋ ಪದರಾನೂ ಇದೇ ಕೋಶದ್ದು, ಕೋಳಿಗೆ ಹಲ್ಲಿಲ್ಲದ್ದಕ್ಕ ಅದು ಬ್ಯಾರೆ ಪ್ರಯೋಗದಿಂದ ಗೊತ್ತಾತು. ಅಂದ್ರ ನಿಮ್ಮ ತೊಡಿ ಎಲುಬಿಗೂ ದವಡಿ ಎಲುಬಿಗೂ ಮನೆತನಾನ ಬ್ಯಾರೆ.

ಕೊಪ್ಪಳದ ಹತ್ರ ಕಿನ್ನಾಳದಾಗ ಗೊಂಬಿ ಮಾಡೂದು ನೋಡಿದವರಿಗೆ ಮುಂದಿನ ಮಾತು ಲಗೂನ ತಿಳೀತೈತಿ. ಅಲ್ಲಿ ಗೊಂಬಿನ ಒಂದೇ ದಿಮ್ಮಿಯಿಂದ ಕೆತ್ತಂಗಿಲ್ಲ, ಹಗೂರ ಕಟಗಿಯೊಳಗ ತುಂಡು ತುಂಡು ಮಾಡ್ಕೊಂಡು ಹುಣಸಿಬೀಜದ ಅಂಟಿನಿಂದ ಜೋಡಿಸಿ, ಮ್ಯಾಲೆ ಕಿಟ್ಟ ಹಚ್ಚಿ ಸಂದು ಮುಚ್ತಾರ, ಬಣ್ಣ ಬಿದ್ದ ಮ್ಯಾಲೆ ಎಲ್ಲಿ ಕೂಡಿಸಿದ್ದು ಅಂತ ಗೊತ್ತಾಗೂದಿಲ್ಲ. ನಮ್ಮ ಮುಖಾನೂ ಹಂಗ ಐದು ತುಂಡು ಬ್ಯಾರೆ ಬ್ಯಾರೆ ಉಬ್ಬಿ ಬಂದು ಕೂಡಿದ್ದು. ಹಣಿ-ಮೂಗಿನ ಕಡಿಯಿಂದ ಒಂದು ಕೆಳಗ ಇಳೀತೈತಿ, ಮ್ಯಾಲಿನ ದವಡಿದು ಎರಡು ಎಡಬಲದಿಂದ ಬರ್ತಾವ, ಕೆಳದವಡಿದು ಎರಡು. ಈಗ ನಿಮ್ಮ ಬೆರಳು ಮೂಗಿನ ಕೆಳಗ, ಮ್ಯಾಲಿನ ತುಟಿ ನಡುವಿನ ಆ ಸಣ್ಣ ತಗ್ಗಿನ್ಯಾಗ ಇಡ್ರಿ. ಅದರ ಎರಡೂ ಕಡೆ ಒಂದೊಂದು ಏರು ಸಿಗ್ತೈತಿ ನೋಡ್ರಿ. ಆರು-ಏಳನೇ ವಾರದಾಗ ನಿಮ್ಮ ಮುಖದ ತುಂಡು ಕೂಡಿದ ಸಂದು ಅದ, ಕಿಟ್ಟ ಹಚ್ಚಿದ ಗುರ್ತು ಅಂತ ತಿಳೀರಿ. ನಾನು ಇದನ್ನ ಕ್ಲಾಸಿನ್ಯಾಗ ಹೇಳಿದಾಗೆಲ್ಲಾ ಅರವತ್ತು ಹುಡುಗ್ರು ಒಮ್ಮಿಗೇ ತುಟಿ ಮ್ಯಾಲೆ ಬೆರಳು ಇಟ್ಕೊಂಡು ಕುಂದ್ರತಾರ.

ಆ ಸಂದು ಯಾವುದೋ ಕಾರಣಕ್ಕ ಕೂಡದ ಉಳೀತು ಅಂದ್ರ ಅದ ಸೀಳುತುಟಿ. ಬಾಯೊಳಗಿನ ಅಂಗಳ, ಅಂದ್ರ ಬಾಯಿ ಮ್ಯಾಲಿನ ಛಾವಣಿ, ಅದರ ಕಥಿ ಇನ್ನೂ ನಾಜೂಕು, ಎರಡು ಕದ ಇದ್ದಂಗ ಎರಡು ಹಲಗಿ ಮೊದಲು ನಾಲಗಿ ಎಡಬಲಕ್ಕ ಕೆಳಮುಖ ಜೋತಾಡ್ತಿರ್ತಾವ, ಎಂಟನೇ ವಾರದ ಹತ್ರ ನಾಲಗಿ ಕೆಳಗ ಇಳದಾಗ ಇವು ಎದ್ದು ಅಡ್ಡ ಆಗಿ ನಡುವ ಬಂದು ಕೂಡ್ತಾವ, ಹನ್ನೆರಡನೇ ವಾರದೊಳಗ ಕೆಲಸ ಮುಗೀತೈತಿ. ಜಗತ್ತಿನ್ಯಾಗ ಸುಮಾರು 700 ಕೂಸಿಗೆ ಒಂದು ಸೀಳುತುಟಿ ಇಲ್ಲಾ ಸೀಳು ಅಂಗಳ ಇಟ್ಕೊಂಡು ಹುಟ್ತೈತಿ. ಕೆಲವರಿಗೆ ಐಆರ್‌ಎಫ್-6 ಅಂಥ ಜೀನಿನ ಬದಲಾವಣಿ, ಕೆಲವರಿಗೆ ಬಸುರಿದ್ದಾಗ ಬೀಡಿ-ಸಿಗರೇಟಿನ ಹೊಗಿ, ಫಿಟ್ಸಿನ ಕೆಲವು ಮಾತ್ರಿ, ಬಾಳಷ್ಟು ಮಂದಿಗೆ ಇಂಥಾ ಹತ್ತು ಕಾರಣ ಕೂಡಿ ಆಗಿರ್ತೈತಿ. ಫಿಟ್ಸಿನ ಮಾತ್ರಿ ಅಂತ ಓದಿ ಯಾರೂ ತಾವ ಬಿಡಬ್ಯಾಡ್ರಿ, ಡಾಕ್ಟರಿಗೆ ಕೇಳಿ ಬದಲಿಸಬೇಕು, ಫಿಟ್ಸು ಬಂದ್ರ ಅದೂ ಅಪಾಯ. ನಮ್ಮ ಕಡೆ ಇನ್ನೂ ಗ್ರಹಣದಾಗ ತಾಯಿ ಹೊರಗ ಬಂದಿದ್ಲು, ಈಳಿಗಿ ಹಿಡಿದಿದ್ಲು ಅಂತ ಸೊಸಿ ಮ್ಯಾಲೆ ಹಾಕ್ತಾರ. ಇದು ನನಗ ಬಾಳ ನೋವಿನ ವಿಷಯ. ತುಟಿ ಕೂಡೋ ಕೆಲಸ ಏಳನೇ ವಾರಕ್ಕ ಮುಗಿದಿರ್ತೈತಿ, ಐದನೇ ತಿಂಗಳಾಗಿನ ಗ್ರಹಣಕ್ಕ ಅದನ್ನ ಬಿಚ್ಚೋದು ಸಾಧ್ಯನ ಇಲ್ಲ. ಆ ತಾಯಿದು ಏನೂ ತಪ್ಪಿಲ್ಲ. ತುಟಿ ಆಪರೇಶನ್ ಮೂರರಿಂದ ಆರು ತಿಂಗಳೊಳಗ, ಅಂಗಳದ್ದು ವರ್ಷದ ಆಸುಪಾಸಿಗೆ ಮಾಡ್ತಾರ, ಲಗೂ ತೋರಿಸಿದಷ್ಟು ಮಾತು ಚಲೋ ಬರ್ತೈತಿ.

ಈಗ ಹಲ್ಲಿಗೆ ಬರೂಣು. ಹಲ್ಲು ಎರಡು ಪಾರ್ಟಿ ಕೂಡಿ ಮಾಡೋ ಕೆಲಸ. ಮ್ಯಾಲೆ ಬಾಯಿ ಚರ್ಮದ ಪದರ, ಕೆಳಗ ಆಗಲೇ ಹೇಳಿದ ನ್ಯೂರಲ್ ಕ್ರೆಸ್ಟ್ ಕೋಶ. ಆರನೇ ವಾರದ ಹೊತ್ತಿಗೆ ಮ್ಯಾಲಿನ ಪದರ ಮೊದಲು ಸಿಗ್ನಲ್ ಕಳಸ್ತೈತಿ, ಕೆಳಗಿನವು ಉತ್ತರ ಕೊಡ್ತಾವ, ಬಿಎಂಪಿ, ಎಫ್‌ಜಿಎಫ್, ವಿಂಟ್ ಅನ್ನೋ ಪ್ರೋಟೀನೇ ಇವುಗಳ ಭಾಷಾ. ಹಿಂದ-ಮುಂದ ಮಾತಾಡಿಕೊಂತ ಮೊದಲು ಒಂದು ಮೊಗ್ಗಿ, ಆಮ್ಯಾಲೆ ಟೋಪಿ, ಆಮ್ಯಾಲೆ ಗಂಟಿ ಆಕಾರ ಆಗ್ತೈತಿ. ಮುಂದಿನ ಹಲ್ಲೋ ದವಡಿ ಹಲ್ಲೋ ಅನ್ನೋದನ್ನ ಯಾರು ನಿರ್ಧಾರ ಮಾಡ್ತಾರ? ಕೊಲ್ಲಾರ್ ಮತ್ತ ಬೈರ್ಡ್ ಅನ್ನೋರು 1969ರ ಸುಮಾರಿಗೆ ಇಲಿ ಭ್ರೂಣದಾಗ ಅದಲಿ ಬದಲಿ ಮಾಡಿ ನೋಡಿದ್ರು, ಮುಂದಿನ ಹಲ್ಲಿನ ಮ್ಯಾಲಿನ ಪದರಕ್ಕ ದವಡಿ ಹಲ್ಲಿನ ಕೆಳಗಿನ ಕೋಶ ಕೂಡಿಸಿದ್ರ ದವಡಿ ಹಲ್ಲೇ ಬಂತು. ಹಂತ ಒಂದು ದಾಟಿದ ಮ್ಯಾಲೆ ಯಜಮಾನಿಕಿ ಕೆಳಗಿನವರದು. 2003ರಾಗ ಇಲಿಯ ನ್ಯೂರಲ್ ಕ್ರೆಸ್ಟನ್ನ ಕೋಳಿ ಭ್ರೂಣದಾಗ ಇಟ್ಟಾಗ ಕೋಳಿ ಬಾಯಾಗ ಹಲ್ಲಿನ ಮೊಗ್ಗಿಯಂಥಾದ್ದು ಮೂಡಿತ್ತು! ಕೋಟ್ಯಂತರ ವರ್ಷದ ಹಿಂದ ಹಲ್ಲು ಕಳ್ಕೊಂಡ ಹಕ್ಕಿ ಬಾಯಿ, ಸಿಗ್ನಲ್ ಸಿಕ್ಕಿದ್ಕ ಹಳೇ ಪಾಠ ಒಪ್ಪಿಸ್ತು.

ಎರಡು ಪಾರ್ಟಿ ಅಂದ್ನಲ್ಲ, ಹಲ್ಲಿನ ಪದರಾನೂ ಎರಡು. ಒಳಗಿನ ಡೆಂಟಿನ್ನು ಕೆಳಗಿನ ಕೋಶದ್ದು, ಹೊರಗಿನ ಬಿಳಿ ಗಟ್ಟಿ ಎನಾಮಲ್ಲು ಮ್ಯಾಲಿನ ಪದರದ್ದು. ಎನಾಮಲ್ ಕಟ್ಟೋ ಕೋಶಕ್ಕ ಅಮೆಲೋಬ್ಲಾಸ್ಟ್ ಅಂತಾರ. ಮೊದಲು ಪ್ರೋಟೀನಿನ ಸೆಂಟ್ರಿಂಗ್ ಹೊಡದು, ಅದರಾಗ ಖನಿಜ ತುಂಬಿ, ಕಡೀಕ ಸೆಂಟ್ರಿಂಗ್ ಬಿಚ್ಚಿ ತಗದು ಆ ಜಾಗಕ್ಕೂ ಖನಿಜ ತುಂಬ್ತಾವ, ಹಂಗಾಗಿ ಎನಾಮಲ್ ತೂಕದಾಗ 96 ಪರ್ಸೆಂಟ್ ಖನಿಜನ, ಮೈಯೊಳಗ ಅದಕ್ಕಿಂತ ಗಟ್ಟಿ ಮಾಲು ಇನ್ನೊಂದಿಲ್ಲ. ದಿನಕ್ಕ ಸುಮಾರು 4 ಮೈಕ್ರಾನ್, ಅಂದ್ರ ಒಂದು ಮಿಲಿಮೀಟರಿನ ಸಾವಿರ ಪಾಲಿನ್ಯಾಗ ನಾಕು ಪಾಲು ಅಷ್ಟೇ ಕಟ್ತಾವ, ದಿನದಿನದ ಗೆರಿ ಹಲ್ಲಿನೊಳಗ ಉಳೀತೈತಿ, ಮರದ ಕಾಂಡದಾಗ ವರ್ಷದ ಬಳಿ ಇದ್ದಂಗ. ಹಾಲಹಲ್ಲನ್ನ ತೆಳ್ಳಗ ಕೊಯ್ದು ನೋಡಿದ್ರ ಒಂದು ಗೆರಿ ಬ್ಯಾರೆನ ದಪ್ಪ ಕಾಣ್ತೈತಿ, ಅದು ಆ ಕೂಸು ಹುಟ್ಟಿದ ದಿನದ ಗೆರಿ. ಹೆರಿಗಿ ಹೊತ್ತಿನ ತ್ರಾಸು ಹಲ್ಲಿನ್ಯಾಗ ಬರದಿಟ್ಟಿರ್ತೈತಿ. ಚಿಕ್ಕವರಿದ್ದಾಗ ಮಾಳಿಗಿ ಮ್ಯಾಲೆ ಒಗದ ಆ ಹಲ್ಲಿನ್ಯಾಗ ನಮ್ಮ ನಮ್ಮ ಹುಟ್ಟಿದ ದಿನ ಇತ್ತು ಅಂತ ನೆನೆಸ್ಕೊಂಡ್ರ ನನಗ ಇವತ್ತಿಗೂ ಮೈ ಝುಂ ಅಂತೈತಿ.

ಅಳಿಯನ ಪ್ರಶ್ನಿಗೆ ಅರ್ಧ ಉತ್ತರ ಇಲ್ಲೇ ಐತಿ. ಹಲ್ಲು ಒಸಡು ಸೀಳಿ ಹೊರಗ ಬರೋ ಹೊತ್ತಿಗೆ ಅಮೆಲೋಬ್ಲಾಸ್ಟ್ ಎಲ್ಲಾ ಸತ್ತು ಉದುರಿ ಹೋಗ್ತಾವ. ಗೋಡಿ ಕಟ್ಟಿದ ಗೌಂಡಿ ಊರು ಬಿಟ್ಟು ಹೋದಂಗ. ಆಮ್ಯಾಲೆ ಚೂರು ಹಾರಿದ್ರ ಕಟ್ಟಾಕ ಯಾರೂ ಇಲ್ಲ, ಎನಾಮಲ್ಲಿನ್ಯಾಗ ರಕ್ತನಾಳಾನೂ ಇಲ್ಲ. ಡೆಂಟಿನ್ ಹಂಗಲ್ಲ, ಅದರ ಗೌಂಡಿಗಳು ಹಲ್ಲಿನ ಒಳಗ ಜೀವಂತ ಕುಂತಿರ್ತಾವ, ಹುಳುಕು ಹತ್ರ ಬಂತಂದ್ರ ಒಳಗಿನಿಂದ ಇನ್ನೊಂದು ಪದರ ಕಟ್ಟಿ ತಡ್ಯಾಕ ನೋಡ್ತಾವ, ಆದ್ರ ಮೊಂಡಾದ ಮೂಲಿನ ತಿರುಗಿ ಬೆಳಸೋದು ಅವುಗಳ ಕೈಲಿ ಆಗಂಗಿಲ್ಲ.

ಇಲ್ಲೇ ನಮ್ಮ ಜಿಲ್ಲಾದ ದೊಡ್ಡ ಕಥಿ ಬರ್ತೈತಿ, ಫ್ಲೋರೈಡು. ಆನೆಗೊಂದಿ ಸುತ್ತ ಗುಡ್ಡ ನೋಡ್ರಿ, ಬರೇ ಗ್ರಾನೈಟ್ ಬಂಡಿ. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕಡೆ ನೆಲದ ಕೆಳಗೂ ಬಾಳಷ್ಟು ಇಂಥಾ ಹಳೇ ಗ್ರಾನೈಟ್, ನೈಸ್ (gneiss) ಅನ್ನೋ ಜಾತಿ ಕಲ್ಲು, ಅದರೊಳಗಿನ ಫ್ಲೋರೈಟ್, ಅಪಟೈಟ್, ಬಯೊಟೈಟ್ ಖನಿಜದಿಂದ ಫ್ಲೋರೈಡ್ ನೀರಿಗೆ ಇಳೀತೈತಿ, ಬೋರು ಆಳ ಹೋದಷ್ಟು ನೀರು ಕಲ್ಲಿನ ಜೋಡಿ ಹೆಚ್ಚು ವರ್ಷ ಕುಂತಿರ್ತೈತಿ. ನಮ್ಮ ಎನಾಮಲ್ಲಿನ ಖನಿಜಾನೂ ಅಪಟೈಟ್ ಜಾತಿದ, ಗುಡ್ಡದ ಬಂಡಿಯಾಗಿರೋದು ನಮ್ಮ ಬಾಯಾಗೂ ಐತಿ ಅಂದಂಗ. ಕುಡಿಯೋ ನೀರಿನ್ಯಾಗ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬ್ಯಾರೆ ನೀರ ಇಲ್ಲಂದ್ರ ಹೆಚ್ಚಂದ್ರ 1.5 ಅಂತ ನಮ್ಮ ದೇಶದ ಮಾನದಂಡ ಹೇಳ್ತೈತಿ. ಅದಕ್ಕಿಂತ ಹೆಚ್ಚಿನ ನೀರನ್ನ ಮಕ್ಕಳು ಎನಾಮಲ್ ಕಟ್ಟೋ ವಯಸ್ಸಿನ್ಯಾಗ, ಅಂದ್ರ ಹುಟ್ಟಿದಾಗಿಂದ ಸುಮಾರು ಎಂಟು ವರ್ಷದ ತನಕ, ಕುಡದ್ರ ಆ ಸೆಂಟ್ರಿಂಗ್ ಬಿಚ್ಚೋ ಕೆಲಸ ಅರ್ಧಕ್ಕ ನಿಲ್ತೈತಿ, ಪ್ರೋಟೀನು ಒಳಗ ಉಳ್ಕೊಂಡು ಎನಾಮಲ್ ತೂತು ತೂತಾಗಿ ಸುಣ್ಣದಂಗ ಬೆಳ್ಳಗ ಕಾಣ್ತೈತಿ, ಆಮ್ಯಾಲೆ ವರ್ಷ ಹೋದಂಗ ಆ ತೂತಿನ್ಯಾಗ ಕಂದು ಬಣ್ಣ ಹಿಡೀತೈತಿ. ಹಲ್ಲು ತಿಕ್ಕದ್ದಕ್ಕ ಆಗಿದ್ದಲ್ಲ ಅದು, ತಿಕ್ಕಿದ್ರ ಹೋಗೂದೂ ಇಲ್ಲ. ನನ್ನ ಕ್ಲಾಸಿನ್ಯಾಗ ಪ್ರತಿ ವರ್ಷ ಇಂಥಾ ಹುಡುಗ್ಯಾರು ಇರ್ತಾರ, ಬಾಳ ಶ್ಯಾಣ್ಯಾ ಇರ್ತಾರ, ಆದ್ರ ಉತ್ತರ ಹೇಳೂ ಮುಂದ ಬಾಯಿಗೆ ಕೈ ಅಡ್ಡ ಹಿಡೀತಾರ, ನಗೂದಂತೂ ಬಿಟ್ಟುಬಿಟ್ಟಿರ್ತಾರ. ಒಬ್ಬಾಕಿಗೆ ಸಾಲಿಯಾಗ "ಹಲ್ಲು ತಿಕ್ಕಿ ಬಾ" ಅಂತ ಎಲ್ಲರ ಮುಂದ ಬೈದಿದ್ರಂತ. ಎರಡು ವರ್ಷದ ಕೂಸಿದ್ದಾಗ ಕುಡದ ನೀರಿಗೆ ಹದಿನೇಳರಾಗ ಬೈಸ್ಕೊಳ್ಳೋದು!

ಇನ್ನೊಂದು ಮಾತು, ನೀರು ಕಾಸಿದ್ರ ಫ್ಲೋರೈಡ್ ಹೋಗೂದಿಲ್ಲ, ನೀರು ಆವಿ ಆಗಿ ಇನ್ನಷ್ಟು ಗಟ್ಟಿ ಆಗ್ತೈತಿ. ಹಂಗಂತ ಪೇಸ್ಟಿನ ಫ್ಲೋರೈಡಿಗೆ ಹೆದರೋದೂ ಬ್ಯಾಡ, ಹೊರಗಿನಿಂದ ಸವರಿದ ಸ್ವಲ್ಪ ಫ್ಲೋರೈಡ್ ಎನಾಮಲ್ಲಿಗೆ ಖನಿಜ ವಾಪಸ್ ಕೂಡಾಕ ಸಹಾಯ ಮಾಡ್ತೈತಿ, ಮೂರು ವರ್ಷದೊಳಗಿನ ಕೂಸಿಗೆ ಅಕ್ಕಿಕಾಳಷ್ಟು ಪೇಸ್ಟ್ ಸಾಕು, ನುಂಗದಂಗ ನೋಡ್ಕೋಬೇಕು ಅಷ್ಟ.

ಇನ್ನ ದವಡಿ ಯಾಕ ಕೂಡ್ತು? ಎಲುಬಿನ್ಯಾಗ ಗೌಂಡಿಗಳು ಊರು ಬಿಟ್ಟು ಹೋಗಿರೂದಿಲ್ಲ, ಅದ ಮುಖ್ಯ. ಕಟ್ಟೋ ಕೋಶ ಆಸ್ಟಿಯೋಬ್ಲಾಸ್ಟ್, ಕೆಡವೋ ಕೋಶ ಆಸ್ಟಿಯೋಕ್ಲಾಸ್ಟ್, ಎರಡೂ ಸಾಯೋ ತನಕ ಕೆಲಸದ ಮ್ಯಾಲೇ ಇರ್ತಾವ, ಎಲುಬಿನ ಮ್ಯಾಲಿನ ಪೊರಿಯೊಳಗ ಕಾಂಡಕೋಶಾನೂ, ಅಂದ್ರ ಬೇಕಾದಾಗ ಹೊಸ ಕೋಶ ಹುಟ್ಟಿಸೋ ಮೂಲ ಕೋಶಾನೂ, ಕಾದು ಕುಂತಿರ್ತಾವ. ಮುರಿದ ಕೂಡಲೇ ಅಲ್ಲಿ ರಕ್ತ ಹೆಪ್ಪುಗಟ್ತೈತಿ, ಬಾವು ಬರ್ತೈತಿ, ಹೊಸ ರಕ್ತನಾಳ ನುಗ್ತಾವ, ಮೆತ್ತನ ಗಂಟು ಆಗ್ತೈತಿ, ಅದು ಗಟ್ಟಿ ಆಗಿ ಒರಟು ಎಲುಬು, ಆಮ್ಯಾಲೆ ತಿಂಗಳುಗಟ್ಟಲೆ ಕೆಡವಿ ಕಟ್ಟಿ ನುಣುಪು ಮಾಡ್ತಾವ. ಮುಖಕ್ಕ ರಕ್ತ ಬಾಳ ಹರೀತೈತಿ, ಹಂಗಾಗಿ ಲಗೂ ಮಾಯ್ತೈತಿ. ಶರತ್ತು ಒಂದೇ, ಮುರಿದ ತುಂಡು ಅಲುಗಾಡಬಾರದು. ಮೊದಲೆಲ್ಲಾ ಮ್ಯಾಲಿನ ಕೆಳಗಿನ ಹಲ್ಲಿಗೆ ತಂತಿ ಬಿಗದು ನಾಕರಿಂದ ಆರು ವಾರ ಬಾಯಿ ಮುಚ್ಚಿಬಿಡ್ತಿದ್ರು. 1970ರ ದಶಕದಾಗ ಫ್ರಾನ್ಸಿನ ಶಾಂಪಿ ಅನ್ನೋ ಸರ್ಜನ್, ಅಗಿಯೋ ಮುಂದ ದವಡಿಯಾಗ ಯಾವ ಗೆರಿ ಮ್ಯಾಲೆ ಎಳತ ಬೀಳ್ತೈತಿ ಅಂತ ಲೆಕ್ಕ ಹಾಕಿ, ಆ ಗೆರಿ ಮ್ಯಾಲೆ ಸಣ್ಣ ಪ್ಲೇಟ್ ಕೂಡ್ಸಿದ್ರ ಸಾಕು ಅಂತ ತೋರ್ಸಿದ್ರು. ನಮ್ಮ ಹುಡುಗನ ದವಡಿಯಾಗಿರೋದು ಅಂಥಾದ್ದೇ ಟೈಟಾನಿಯಂ ಪ್ಲೇಟ್, ಸೇಫ್ಟಿ ಪಿನ್ನಿನಷ್ಟು ಉದ್ದ.

ಮನೆತನ ಬ್ಯಾರೆ ಅಂದಿದ್ದೆ, ಅದು ಮುರಿದಾಗೂ ಗೊತ್ತಾಗ್ತೈತಿ. ಜಿಲ್ ಹೆಲ್ಮ್ಸ್ ಅವರ ತಂಡ 2008ರಾಗ ಇಲಿ ಮ್ಯಾಲೆ ಒಂದು ಪರೀಕ್ಷಾ ಮಾಡ್ತು. ದವಡಿ ಎಲುಬಿನ ಕೋಶ ತಗದು ಕಾಲೆಲುಬಿನ ಗಾಯದಾಗ ಇಟ್ರ ಚಂದಗ ಎಲುಬು ಆದ್ವು, ಕಾಲಿನ ಕೋಶ ತಗದು ದವಡಿ ಗಾಯದಾಗ ಇಟ್ರ ಎಲುಬು ಆಗದ ಮೃದ್ವಸ್ಥಿ, ಅಂದ್ರ ಕಿವಿಯಾಗ ಇರೋವಂಥಾ ಮೆತ್ತನ ಎಲುಬು, ಆಗಿ ಕುಂತ್ವು. ಕಾಲಿನವುಕ್ಕ ಹಾಕ್ಸ್ ಜೀನು ಅನ್ನೋ ಊರಿನ ಗುರ್ತು ಇರ್ತೈತಿ, ದವಡಿಯವುಕ್ಕ ಆ ಗುರ್ತ ಇಲ್ಲ, ಹಂಗಾಗಿ ಅವು ಹೋದ ಊರಿಗೆ ಹೊಂದ್ಕೊಂತಾವ. ದವಡಿ ಕೋಶ ಇಷ್ಟು ಹೊಂದ್ಕೊಳ್ಳೋ ಗುಣದ್ದು ಅಂತ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನ ಕುಂತಿದ್ದೆ. ಆಮ್ಯಾಲೆ 2018ರಾಗ ಮೈಕೆಲ್ ಲಾಂಗೇಕರ್ ಅವರ ತಂಡ ಇನ್ನೊಂದು ನೋಡ್ತು. ಸಣ್ಣ ದವಡಿ ಇರೋ ಮಕ್ಕಳಿಗೆ ಎಲುಬು ಕೊಯ್ದು, ಸ್ಕ್ರೂ ತಿರುವಿ ದಿನಕ್ಕ ಸುಮಾರು 1 ಮಿಲಿಮೀಟರ್ ದೂರ ಸರಿಸಿದ್ರ ನಡುವ ಹೊಸ ಎಲುಬು ತುಂಬ್ಕೊಂತ ಬರ್ತೈತಿ, ಕಾಲಿಗೆ ಇದನ್ನ ರಷ್ಯಾದ ಇಲಿಜರೋವ್ ಶುರು ಮಾಡಿದ್ರು, ದವಡಿಗೆ 1992ರಾಗ ಮೆಕಾರ್ಥಿ ಅವರ ತಂಡ ತಂತು. ಲಾಂಗೇಕರ್ ತಂಡ ಇಲಿಯಾಗ ಹಿಂಗ ಎಳದು ನೋಡಿದಾಗ ದವಡಿ ಕಾಂಡಕೋಶಗಳು ಹಿಂದಕ್ಕ ಹೋಗಿ ಹೆಚ್ಚುಕಡಿಮಿ ಭ್ರೂಣದ ನ್ಯೂರಲ್ ಕ್ರೆಸ್ಟಿನ ಸ್ಥಿತಿಗೆ ಬಂದಿದ್ವು. ಹುಟ್ಟೋಕಿಂತ ಮೊದಲಿನ ಕೆಲಸ ಅವಕ್ಕ ಮರೆತಿರಲಿಲ್ಲ.

ಹಲ್ಲಿಗೂ ಎಲುಬಿಗೂ ನಡುವ ಇನ್ನೊಂದು ಐತಿ, 0.2 ಮಿಲಿಮೀಟರ್ ಅಷ್ಟ ಅಗಲದ ಒಂದು ನಾರಿನ ಪದರ. ಹಲ್ಲು ಎಲುಬಿನ್ಯಾಗ ನೆಟ್ಟ ಗೂಟ ಅಲ್ಲ, ಈ ನಾರಿನ್ಯಾಗ ಜೋಲಿ ಕಟ್ಟಿದಂಗ ತೂಗ್ತಿರ್ತೈತಿ. ಹಲ್ಲಿಗೆ ಕ್ಲಿಪ್ ಹಾಕಿದಾಗ ಹಲ್ಲು ಸರಿಯೋದೂ ಇದರಿಂದಾನ, ಒತ್ತಿದ ಕಡೆ ಎಲುಬು ಕರಗಿ, ಎಳದ ಕಡೆ ಕಟ್ಕೊಂಡು ತಿಂಗಳಿಗೆ ಸುಮಾರು 1 ಮಿಲಿಮೀಟರ್ ಸರೀತೈತಿ. ಹಲ್ಲು ಪೂರ್ತಿ ಬೇರು ಸಮೇತ ಉಚ್ಚಿ ಬಿದ್ರ ಉಳಿಸೋ ದಾರಿನೂ ಈ ನಾರ, ಇದನ್ನ ದಯವಿಟ್ಟು ನೆನಪಿಡ್ರಿ: ಬಿಳಿ ಭಾಗ ಹಿಡದು ಎತ್ರಿ, ಬೇರು ಮುಟ್ಟಬ್ಯಾಡ್ರಿ, ಮಣ್ಣಾಗಿದ್ರ ಹಾಲಿನ್ಯಾಗ ಒಮ್ಮಿ ಅದ್ದಿ, ತಿಕ್ಕದ, ವಾಪಸ್ ಅದೇ ತೂತಿಗೆ ಕೂಡ್ಸಿ ಅರಿವಿ ಕಚ್ಚಿ ಹಿಡ್ಕೊಂಡು ಡೆಂಟಿಸ್ಟ್ ಹತ್ರ ಓಡ್ರಿ. ಕೂಡ್ಸಾಕ ಧೈರ್ಯ ಇಲ್ಲಂದ್ರ ಹಾಲಿನ ಲೋಟದಾಗ ಹಾಕ್ಕೊಂಡು ಹೋಗ್ರಿ, ನೀರಿನ್ಯಾಗ ಬ್ಯಾಡ, ಅರ್ಧ ತಾಸಿನೊಳಗ ಆದ್ರ ಚಲೋ. ಹಾಲಹಲ್ಲಾದ್ರ ಮಾತ್ರ ತಿರುಗಿ ಕೂಡ್ಸಬಾರದು, ಕೆಳಗಿನ ಹೊಸ ಹಲ್ಲಿಗೆ ಪೆಟ್ಟಾಗ್ತೈತಿ.

ಹಲ್ಲು ಹೋದ ಮ್ಯಾಲೆ ಅದನ್ನ ಹಿಡಿದಿದ್ದ ಎಲುಬಿಗೂ ಕೆಲಸ ಇಲ್ಲದಂಗಾಗಿ ಕರಗ್ತೈತಿ, ಒಂದು ವರ್ಷದಾಗ ಅಗಲ ಅರ್ಧದ ತನಕ ಕಡಿಮಿ ಆಗಬಹುದು. ನಮ್ಮ ಅಮ್ಮಗಳ ಗಲ್ಲ ಒಳಗ ಹೋಗಿ ಗದ್ದ ಮೂಗಿನ ಹತ್ರ ಬಂದಂಗ ಕಾಣೋದು ಬರೇ ಮುಪ್ಪಿನಿಂದ ಅಲ್ಲ.

ಹಂಗಾದ್ರ ಹೊಸ ಹಲ್ಲು ಬೆಳೆಸಾಕ ಆಗಂಗಿಲ್ಲೇನು ಅಂತ ಹುಡುಗ ಕೇಳಿದ. ಪ್ರಯತ್ನ ನಡದೈತಿ. 2000ದಾಗ ಗ್ರಾಂಥೋಸ್, ಶಿ ಅವರು ಬುದ್ಧಿಹಲ್ಲಿನ ತಿರುಳಿನ್ಯಾಗ ಕಾಂಡಕೋಶ ಕಂಡುಹಿಡಿದ್ರು, 2003ರಾಗ ಉದುರಿದ ಹಾಲಹಲ್ಲಿನ್ಯಾಗೂ ಸಿಕ್ವು. ಇದನ್ನ ಹಿಡ್ಕೊಂಡು ಹಾಲಹಲ್ಲು ಬ್ಯಾಂಕಿನ್ಯಾಗ ಇಡ್ರಿ ಅಂತ ಸಾವಿರಾರು ರೂಪಾಯಿ ಕೇಳೋರು ಅದಾರ, ನನ್ನ ಕೇಳಿದ್ರ ಆ ರೊಕ್ಕ ಈಗ ಹಾಕಬ್ಯಾಡ್ರಿ, ಅದರಿಂದ ದಿನನಿತ್ಯದ ಚಿಕಿತ್ಸಾ ಇನ್ನೂ ಬಂದಿಲ್ಲ. ಲಂಡನ್ನಿನ ಪಾಲ್ ಶಾರ್ಪ್ ಅವರ ತಂಡ 2017ರಾಗ ಟೈಡೆಗ್ಲುಸಿಬ್ ಅನ್ನೋ ಔಷಧನ ಸಣ್ಣ ಸ್ಪಂಜಿನ್ಯಾಗ ಅದ್ದಿ ಇಲಿ ಹಲ್ಲಿನ ತೂತಿಗೆ ಇಟ್ಟು ಡೆಂಟಿನ್ ಬೆಳೆಸಿ ತೋರ್ಸಿತು. ನನಗ ಎಲ್ಲಕ್ಕಿಂತ ಆಸೆ ಹುಟ್ಟಿಸಿದ್ದು ಜಪಾನಿನ ಕತ್ಸು ತಕಹಾಶಿ ಅವರ ಕೆಲಸ. ಯುಸಾಗ್-1 ಅನ್ನೋ ಪ್ರೋಟೀನು ಹಲ್ಲಿನ ಮೊಗ್ಗಿಗೆ ಬ್ರೇಕ್ ಹಾಕಿ ಹಿಡಿದಿರ್ತೈತಿ, ಅದನ್ನ ತಡೆಯೋ ಆಂಟಿಬಾಡಿ ಕೊಟ್ರ ಇಲಿಗೆ, ಫೆರೆಟ್ ಅನ್ನೋ ಪ್ರಾಣಿಗೆ ಹೊಸ ಹಲ್ಲು ಬಂತು ಅಂತ 2021ರಾಗ ಪ್ರಕಟ ಮಾಡಿದ್ರು. 2024ರಾಗ ಕ್ಯೋಟೋದಾಗ ಒಂದಾದ್ರೂ ಹಲ್ಲು ಇಲ್ಲದ 30 ಗಂಡಸರ ಮ್ಯಾಲೆ ಮೊದಲ ಹಂತದ ಪರೀಕ್ಷಾ ಶುರು ಆತು. ಆ ಹಂತ ನೋಡೋದು ಔಷಧ ಸುರಕ್ಷಿತ ಐತಾ ಅನ್ನೋದನ್ನ, ನಾಳೆ ಗಂಗಾವತಿ ಮೆಡಿಕಲ್ ಶಾಪಿನ್ಯಾಗ ಸಿಗ್ತೈತಿ ಅಂತ ತಿಳ್ಕೊಬಾರದು.

ಹುಡುಗನ ಹಲ್ಲಿಗೆ ಕಾಂಪೊಸಿಟ್ ಅನ್ನೋ ಹಲ್ಲಿನ ಬಣ್ಣದ ಮಾಲು ಹಾಕಿ ಮೂಲಿ ತುಂಬ್ಯಾರ, ಹತ್ರ ಬಂದು ನೋಡಿದ್ರ ಮಾತ್ರ ಬಣ್ಣದಾಗ ಒಂದು ಚೂರು ಫರಕ್ ಕಾಣ್ತೈತಿ. ಇಷ್ಟೆಲ್ಲಾ ಕೇಳಿ ಅವ ತೊಟ್ಟಲ ಕಡೆ ತಿರುಗಿದ. ಅವನ ಮಗಳಿಗೆ ಆರು ತಿಂಗಳು, ಬಾಯಾಗ ಒಂದೂ ಹಲ್ಲಿಲ್ಲ, ಆದ್ರ ಆ ಒಸಡಿನ ಕೆಳಗ ಆಕಿ ಏಳನೇ ವರ್ಷಕ್ಕ ಬರೋ ಮುಂದಿನ ಹಲ್ಲಿನ ಎನಾಮಲ್ಲು ಕಟ್ಟಾಕ ಶುರು ಆಗಿ ಎರಡು-ಮೂರು ತಿಂಗಳಾಗೈತಿ, ನಾಕೈದು ವರ್ಷಕ್ಕ ಅದರ ಕೆಲಸ ಮುಗೀತೈತಿ. ಅವರ ಮನಿದು ಬೋರಿನ ನೀರು. ಮರುದಿನದಿಂದ ಅವರ ಅಡಿಗಿ ಮನಿಯಾಗ ಹಸಿರು ಮುಚ್ಚಳದ ಇನ್ನೊಂದು ಕ್ಯಾನ್ ಬಂದೈತಿ, ಊರಿನ ಶುದ್ಧ ನೀರಿನ ಘಟಕದಿಂದ ಕಾಯಿನ್ ಹಾಕಿ ತುಂಬಿಸ್ಕೊಂಡು ಬರ್ತಾನ, ಕೂಸಿನ ಮಣ್ಣಿ ಕಾಸೋದು, ಕುಡಿಯಾಕ ಕೊಡೋದು ಎಲ್ಲಾ ಅದರಾಗಿಂದ.